ಪೇಟೆಯ ಕಸ, ಹೊಲದ ಗೊಬ್ಬರ

ಬೆಂಗಳೂರಿನ ಕಸದ ಕಥೆ ಹೇಳುವವರು ಹೆಚ್ಚಾಗಿ 2012ರಿಂದ ಶುರುಮಾಡುತ್ತಾರೆ. ಆ ವರ್ಷ, ನಗರದ ಕಸ ಬೀಳುತ್ತಿದ್ದ ಮಾವಳ್ಳಿಪುರದವರು ಕಸದ ಲಾರಿಗಳನ್ನು ಇನ್ನು ಬಿಡುವುದಿಲ್ಲವೆಂದು ನಿಂತರು. ನಗರದ ಮೂಲೆಮೂಲೆಯಲ್ಲಿ ಕಸ ಗುಡ್ಡೆಬಿತ್ತು, ಹೊರದೇಶದ ಪತ್ರಿಕೆಗಳಲ್ಲೂ ಅದು ಸುದ್ದಿಯಾಯಿತು. ಹೊಸಕೋಟೆ ಕಡೆಯ ರೈತನಾದ ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಬೆಂಗಳೂರಿನ ಕಸಕ್ಕೆ ದಿಕ್ಕಿಲ್ಲದಂತಾದದ್ದು ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲು, ಸುತ್ತಲ ಹಳ್ಳಿಗಳ ರೈತರು ಒಬ್ಬೊಬ್ಬರಾಗಿ 'ಪೇಟೆ ಗೊಬ್ಬರ ಇನ್ನು ಬೇಡ' ಎಂದಾಗ. ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬೇಡವೆಂದವರಲ್ಲಿ ನಮ್ಮಪ್ಪನೂ ಒಬ್ಬರು.

ರೈತ ಯಾಕೆ ಬೇಡವೆಂದ ಎನ್ನುವುದು ತಿಳಿಯಬೇಕಾದರೆ ಮೊದಲು ತಿಪ್ಪೆಯ ವಿಷಯ ಹೇಳಬೇಕು. ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿ ಪ್ರತಿ ಮನೆಗೂ ಒಂದು ತಿಪ್ಪೆಯಿತ್ತು. ಊರಾಚೆ, ಬೇಲಿ ಮಗ್ಗುಲಲ್ಲಿ, ಯಾರದು ಯಾವುದು ಎಂದು ಎಲ್ಲರಿಗೂ ಗೊತ್ತು. ಬೆಳಗ್ಗೆ ಕೊಟ್ಟಿಗೆ ಬಾಚಿದ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಅಂಗಳ ಗುಡಿಸಿದ ಕಸ, ರಾಗಿ ಹೊಟ್ಟು, ಊಟ ಮಾಡಿ ಮಡಿಚಿದ ಮುತ್ತುಗದ ಎಲೆ ಎಲ್ಲವೂ ಮಂಕರಿಯಲ್ಲಿ ಅಲ್ಲಿಗೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಮಾತ್ರ ಹೋಗುತ್ತಿರಲಿಲ್ಲ. ಅದು ಕಲಗಚ್ಚು, ಎಮ್ಮೆಯ ಪಾಲು. ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ತಿಪ್ಪೆ ತೆಗೆದು ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದೆವು. ಹೆಣ್ಣು ಕೊಡಲು ಬಂದವರು ಮನೆಯ ಹೆಂಚು ನೋಡುವ ಮೊದಲು ತಿಪ್ಪೆಯ ಗಾತ್ರ ನೋಡುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಬಲಿಪಾಡ್ಯಮಿಯ ಸಂಜೆ ತಿಪ್ಪೆಯ ಮೇಲೆ ಸಗಣಿಯುಂಡೆ ಇಟ್ಟು, ಚೆಂಡುಹೂ ಸಿಕ್ಕಿಸಿ, ಅವಳೇ ದೀಪ ಹಚ್ಚುತ್ತಿದ್ದಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುವ ರೂಢಿ ನಮ್ಮ ನಾಡಿನಲ್ಲಿ ಬಹಳ ಕಡೆ ಇತ್ತು. ಕೂಸಿನ ಜೀವವನ್ನು ಕಾಯಲು ಜನ ತಿಪ್ಪೆಯನ್ನು ನಂಬಿದ್ದರು.

ಆ ತಿಪ್ಪೆಗೊಂದು ಕಟ್ಟುನಿಟ್ಟಿತ್ತು. ಬಳೆ ಒಡೆದರೆ ಅದರ ಚೂರು ಅಲ್ಲಿಗೆ ಹೋಗುವ ಹಾಗಿಲ್ಲ. ಅಜ್ಜಿ ಚೂರುಗಳನ್ನು ಆಯ್ದು ಒಡೆದ ಮಡಕೆಗೆ ಹಾಕಿಡುತ್ತಿದ್ದಳು. ಮಡಕೆ ತುಂಬಿದ ಮೇಲೆ ಅದನ್ನು ಕತ್ತಾಳೆ ಬೇಲಿಯ ಬುಡದಲ್ಲಿ ಹೂಳುತ್ತಿದ್ದರು. ಮುಳ್ಳು, ಮೊಳೆ, ಲಾಳದ ಚೂರಿಗೂ ಅದೇ ನಿಯಮ. ಕಾರಣ ಬಹಳ ಸರಳ. ಗೊಬ್ಬರ ತುಂಬುವವರು ಬರಿಗೈಯವರು, ಅದನ್ನು ಹರಡಿದ ಹೊಲದಲ್ಲಿ ನಡೆಯುವವರು ಬರಿಗಾಲಿನವರು. ಕಳೆ ತೆಗೆಯುವ ಹೆಂಗಸಿನ ಬೆರಳಿಗೆ, ಉಳುವ ಎತ್ತಿನ ಗೊರಸಿಗೆ ಏನೂ ತಾಗಬಾರದು. ಇವತ್ತು ನಗರದಲ್ಲಿ ಹಸಿಕಸ, ಒಣಕಸ ಬೇರ್ಪಡಿಸಿ ಎಂದು ಆಟೋದಲ್ಲಿ ಹಾಡು ಹಾಕಿಕೊಂಡು ಬೇಡುತ್ತಾರಲ್ಲ, ಆ ಕೆಲಸವನ್ನು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಸ ಕೊನೆಗೆ ಯಾರ ಕಾಲಡಿಗೆ ಹೋಗುತ್ತದೆ ಎಂಬುದು ಹಾಕುವವರ ಕಣ್ಣೆದುರಿಗೇ ಇತ್ತು.

ಮಣ್ಣಿನಿಂದ ತೆಗೆದದ್ದನ್ನು ಮಣ್ಣಿಗೆ ತಿರುಗಿಸುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಗಿಡಮರಗಳ ಆರೈಕೆಗೆಂದೇ ಒಂದು ಭಾಗವಿದೆ. ಕೆರೆಯ ಗೋಡು ಹೊಡೆಯುವುದು, ಬೇಸಿಗೆಯಲ್ಲಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು ನಮ್ಮ ಕಾಲದವರೆಗೂ ನಡೆದುಬಂದಿತ್ತು. ಆದರೆ ಊರು ದೊಡ್ಡದಾಗಿ ಪೇಟೆಯಾದಾಗ, ಹಿತ್ತಲು ಹೋಗಿ ಗೋಡೆಗೆ ಗೋಡೆ ತಾಗಿದಾಗ ತಿಪ್ಪೆಯನ್ನು ಎಲ್ಲಿಡುವುದು? ಬೆಂಗಳೂರಿಗೆ ಈ ಪ್ರಶ್ನೆ ಜೀವ ಹಿಂಡುವಂತೆ ಎದುರಾದದ್ದು 1898ರ ಪ್ಲೇಗಿನಲ್ಲಿ. ಪೇಟೆಯ ಇಕ್ಕಟ್ಟು, ಗಾಳಿ ಬೆಳಕಿಲ್ಲದ ಮನೆ, ಗಲೀಜಿನ ಗಲ್ಲಿ ಎಲ್ಲದರ ಮೇಲೂ ಆಗ ಕಣ್ಣುಬಿತ್ತು. ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳನ್ನು ಅಗಲ ಬೀದಿಯಿಟ್ಟು ಕಟ್ಟಿದರು. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಎಂಬ ಸಣ್ಣ ಓಣಿಯನ್ನೂ ಬಿಟ್ಟರು. ಈಗ ಅವುಗಳಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಕೆಲವನ್ನು ಒತ್ತುವರಿ ಮಾಡಿಕೊಂಡಿದ್ದಾರೆ. ಆ ಓಣಿಗಳಿದ್ದದ್ದು ಮಲದ ಗುಂಡಿ ಬಳಿಯಲು ಬರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದಿರಲಿ ಎಂದು.

ಇದನ್ನು ಹಗುರ ಮಾಡಿ ಹೇಳುವುದು ನನ್ನಿಂದಾಗದು. ಪೇಟೆಯ ಗೊಬ್ಬರವನ್ನು ಹೊಗಳುವ ರೈತ ಅದನ್ನು ಯಾರು ಹೊತ್ತರು ಎಂದೂ ಹೇಳಬೇಕು. ಬಕೆಟ್ಟಿನಲ್ಲಿ, ತಲೆಯ ಮೇಲೆ, ಗಾಡಿಯಲ್ಲಿ ಮಲ ಸಾಗಿಸಿದವರು ಒಂದೇ ಕಡೆಯ ಕೇರಿಗಳ ಜನ. ಬೇರೆ ಕೆಲಸಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು 1970ರ ದಶಕದಲ್ಲಿ ಕೈಹಾಕಿದರು. ಸಂಸತ್ತಿನಿಂದ ಕಾನೂನು ಬರಲು 1993ರವರೆಗೆ ಕಾಯಬೇಕಾಯಿತು, ಅದನ್ನು ಬಿಗಿಮಾಡಲು 2013ರಲ್ಲಿ ಇನ್ನೊಂದು ಕಾನೂನು ಬೇಕಾಯಿತು. ನಮ್ಮ ರಾಗಿ ತೆನೆ ತೂಗಿದ್ದರಲ್ಲಿ ಅವರ ಬೆವರೂ ಅವಮಾನವೂ ಇದೆ. ಆ ಪದ್ಧತಿ ಹೋದದ್ದು ಒಳ್ಳೆಯದಾಯಿತು. ಅದು ಮತ್ತೆ ಯಾವ ರೂಪದಲ್ಲೂ ಬರಬಾರದು.

ಪೇಟೆಯ ಕಸವನ್ನು ಶಾಸ್ತ್ರೋಕ್ತವಾಗಿ ಗೊಬ್ಬರ ಮಾಡುವ ವಿಧಾನಕ್ಕೆ ಬೆಂಗಳೂರಿನ ಹೆಸರೇ ಇದೆ ಎಂಬುದು ಇಂದಿನ ಬೆಂಗಳೂರಿನವರಲ್ಲಿ ಎಷ್ಟು ಜನಕ್ಕೆ ಗೊತ್ತು? ಕೃಷಿ ಓದುವ ಹುಡುಗರಿಗೆ ಗೊತ್ತು. ನಾನು ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಓದುವಾಗ ಪರೀಕ್ಷೆಗೆ ಬಂದೇ ಬರುತ್ತಿದ್ದ ಪ್ರಶ್ನೆ ಅದು: ಇಂದೋರ್ ವಿಧಾನಕ್ಕೂ ಬೆಂಗಳೂರು ವಿಧಾನಕ್ಕೂ ಏನು ವ್ಯತ್ಯಾಸ? ಇಂದೋರಿನದು ಆಲ್ಬರ್ಟ್ ಹೋವಾರ್ಡರದು. 1905ರಲ್ಲಿ ಭಾರತಕ್ಕೆ ಬಂದ ಅವರು ಇಲ್ಲಿನ ರೈತರ ಹೊಲಗಳನ್ನು ನೋಡುತ್ತ ಕಲಿತವರು. 1924ರಿಂದ 1931ರವರೆಗೆ ಇಂದೋರಿನಲ್ಲಿ, ಯಶವಂತ ವಾಡ್ ಅವರೊಡನೆ, ಹೊಲದ ತ್ಯಾಜ್ಯ ಮತ್ತು ಸಗಣಿಯನ್ನು ಪದರ ಹಾಕಿ, ಆಗಾಗ ತಿರುವಿಹಾಕಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲೂ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ, ಕೊಳೆಯನ್ನು ಗೊಬ್ಬರ ಮಾಡುವ ಕೆಲಸ ಗಿಲ್ಬರ್ಟ್ ಫೌಲರರ ಕಾಲದಿಂದ ನಡೆದಿತ್ತು. ಅಲ್ಲಿಯೇ 1939ರಲ್ಲಿ ಸಿ.ಎನ್. ಆಚಾರ್ಯರು ಊರಿನ ಕಸಕ್ಕೆ ಹೊಂದುವ ದಾರಿ ಕಂಡುಹಿಡಿದರು.

ಆ ದಾರಿಯ ಜಾಣತನ ನನಗೆ ಇಂದಿಗೂ ಮೆಚ್ಚುಗೆ. ಮೂರಡಿ ಆಳ, ಐದರಿಂದ ಎಂಟು ಅಡಿ ಅಗಲದ ಕಂದಕ. ತಳಕ್ಕೆ ಸುಮಾರು ಅರ್ಧ ಅಡಿ ಊರ ಕಸ, ಅದರ ಮೇಲೆ ಎರಡಂಗುಲ ಮಲ, ಮತ್ತೆ ಕಸ, ಮತ್ತೆ ಮಲ. ನೆಲಮಟ್ಟಕ್ಕಿಂತ ಒಂದಡಿ ಮೇಲೆ ಬರುವವರೆಗೆ ಹೀಗೆ ತುಂಬಿ, ಕೊನೆಗೆ ದಪ್ಪನಾಗಿ ಕಸ ಹಾಸಿ, ಅಗೆದ ಮಣ್ಣನ್ನೇ ಮೇಲೆ ಮುಚ್ಚುವುದು. ವಾರದೊಳಗೆ ಒಳಗಿನ ಕಾವು 60 ಡಿಗ್ರಿ ದಾಟುತ್ತದೆ. ಆ ಕಾವು ಎರಡು ಮೂರು ವಾರ ನಿಂತು ರೋಗಾಣುವನ್ನೂ ನೊಣದ ಹುಳುವನ್ನೂ ಕೊಲ್ಲುತ್ತದೆ. ತಿರುವಿಹಾಕುವ ಕೂಲಿಯಿಲ್ಲ, ನೀರು ಚಿಮುಕಿಸುವ ಕೆಲಸವಿಲ್ಲ. ನಾಲ್ಕರಿಂದ ಆರು ತಿಂಗಳಲ್ಲಿ ನಾತವಿಲ್ಲದ ಕರಿಯ ಗೊಬ್ಬರ. ಸಣ್ಣ ಪುರಸಭೆಯ ಕೈಗೆ ಎಟುಕುವ ಖರ್ಚು. 1943ರ ಸುಮಾರಿಗೆ ಯುದ್ಧದ ಬರಗಾಲದಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿ ಶುರುವಾಯಿತಲ್ಲ, ಆಗ ಈ ವಿಧಾನ ದೇಶದ ಅನೇಕ ಪುರಸಭೆಗಳಿಗೆ ಹೋಯಿತು. ಪುರಸಭೆಗಳು ಗೊಬ್ಬರವನ್ನು ಗಾಡಿ ಲೆಕ್ಕದಲ್ಲಿ ಮಾರಿದವು. ಕಸದಿಂದ ಪುರಸಭೆಗೆ ನಾಲ್ಕು ಕಾಸು ಬರುತ್ತಿದ್ದ ಕಾಲ ಅದು.

ನಮ್ಮ ತಾತ, ಆಮೇಲೆ ಅಪ್ಪ, ಕಲಾಸಿಪಾಳ್ಯದ ಮಾರುಕಟ್ಟೆಗೆ ಗಾಡಿಯಲ್ಲಿ ತರಕಾರಿ ಒಯ್ಯುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಹೂಡಿದರೆ ಹಳೇ ಮದರಾಸು ರಸ್ತೆಯಲ್ಲಿ ಎತ್ತುಗಳೇ ದಾರಿ ಹಿಡಿದು ಹೋಗುತ್ತಿದ್ದವು, ಗಾಡಿಯವರು ಮಲಗಿರುತ್ತಿದ್ದರು. ಬರುವಾಗ ಗಾಡಿ ಖಾಲಿ ಬರಬಾರದು. ಪೇಟೆ ಗೊಬ್ಬರ ತುಂಬಿಕೊಂಡು ಬರುತ್ತಿದ್ದರು. ಕೆಲವು ಸಲ ಮಾಗಿದ ಗೊಬ್ಬರ, ಕೆಲವು ಸಲ ಹಸಿ ಕಸವನ್ನೇ ತಂದು ನಮ್ಮ ತಿಪ್ಪೆಗೆ ಸೇರಿಸುತ್ತಿದ್ದರು. ಪೇಟೆ ತಿಂದ ಬದನೆ, ಹುರುಳಿಕಾಯಿಯ ಸಿಪ್ಪೆ ಮರಳಿ ಅದೇ ಹೊಲಕ್ಕೆ ಬರುತ್ತಿತ್ತು. ಅಪ್ಪನಿಗೆ ಅದು ಋಣದ ಲೆಕ್ಕ. ಅವರು ಇಡೀ ವ್ಯಾಪಾರವನ್ನು ನೋಡುತ್ತಿದ್ದದ್ದೇ ಹಾಗೆ.

ಆಗಿನ ಬೆಂಗಳೂರಿನ ಮನೆಯಿಂದ ಹೊರಬೀಳುತ್ತಿದ್ದ ಕಸದಲ್ಲಿ ಏನಿತ್ತು ಎಂದು ನೆನೆಸಿಕೊಂಡರೆ ಅದನ್ನು ಗೊಬ್ಬರ ಮಾಡುವುದು ಯಾಕೆ ಸುಲಭವಿತ್ತೆಂದು ತಿಳಿಯುತ್ತದೆ. ಚಾಮರಾಜಪೇಟೆಯಲ್ಲಿ ನಮ್ಮ ಸೋದರತ್ತೆಯ ಮನೆಯಿತ್ತು. ಅಲ್ಲಿ ಬಾಗಿಲ ಬಳಿ ಕಲಗಚ್ಚಿನ ಬಕೆಟ್ಟು. ಹಾಲಿನವನು ಬೆಳಗ್ಗೆ ಹಾಲು ಅಳೆದು ಕೊಟ್ಟು ಅದನ್ನು ಒಯ್ಯುತ್ತಿದ್ದ. ತೆಂಗಿನ ಚಿಪ್ಪು, ಗರಿ, ಚೂರು ಕಾಗದ ಬಚ್ಚಲ ಒಲೆಗೆ, ಹಂಡೆಯ ನೀರು ಕಾಯಿಸಲು. ಆ ಬೂದಿ ಮತ್ತು ತೆಂಗಿನ ನಾರು ಪಾತ್ರೆ ಉಜ್ಜಲು. 'ಹಳೇ ಪೇಪರ್, ಖಾಲಿ ಸೀಸೆ' ಎಂದು ಕೂಗುತ್ತ ಬರುವವನಿಗೆ ಪೇಪರು, ಬಾಟಲಿ, ತಗಡಿನ ಡಬ್ಬ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬುಟ್ಟಿ ಹೊತ್ತು ಬರುತ್ತಿದ್ದಳು. ಹರಿದ ಪಂಚೆ ಮಕ್ಕಳ ಕಚ್ಚೆಯಾಗಿ, ಕಡೆಗೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು. ಎಲ್ಲ ಕಳೆದು ಬೀದಿಯ ಸಿಮೆಂಟು ತೊಟ್ಟಿಗೆ ಬೀಳುತ್ತಿದ್ದದ್ದು ಊಟದ ಎಲೆ, ಕೊಳೆತ ಹೂವು, ಮಣ್ಣು, ಬೂದಿ. ತೊಟ್ಟಿಯ ಮುಕ್ಕಾಲು ಪಾಲನ್ನು ಬೀದಿಯ ದನವೇ ತಿಂದು ಮುಗಿಸುತ್ತಿತ್ತು.

ಮುಂದೆ ಆದದ್ದು ಒಂದೇ ಏಟಿಗೆ ಆಗಲಿಲ್ಲ. ಗ್ಯಾಸಿನ ಒಲೆ ಬಂದು ಬೂದಿ ಹೋಯಿತು. ಹಂಡೆ ಹೋಗಿ ಗೀಸರ್ ಬಂದ ಮೇಲೆ ತೆಂಗಿನ ಚಿಪ್ಪು ತೊಟ್ಟಿಗೆ ಬಿತ್ತು. ಕಲಗಚ್ಚು ಒಯ್ಯುವ ಹಾಲಿನವನ ಬದಲು ಬಾಗಿಲಿಗೆ ಪ್ಲಾಸ್ಟಿಕ್ ಪೊಟ್ಟಣ ಬಂತು. 80ರ ದಶಕದಲ್ಲಿ ಶಾಂಪೂ, ಅಡಿಕೆಪುಡಿ, ಎಣ್ಣೆ ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಸಿಗತೊಡಗಿದವು. ಅಂಗಡಿಗೆ ಕೈಚೀಲ ಒಯ್ಯುವುದು ಬಡತನದ ಗುರುತಾಯಿತು. ಇವೆಲ್ಲ ಅದೇ ತೊಟ್ಟಿಗೆ ಬಿದ್ದವು, ಅದೇ ಎಲೆ ಅದೇ ಹೂವಿನ ಜೊತೆ. ಗಾಡಿಯಲ್ಲಿ ಬಂದ ಕಸವನ್ನು ಹೊಲದಲ್ಲಿ ಹರಡಿದರೆ ಮೊದಲ ಮಳೆಗೆ ಮಣ್ಣೆಲ್ಲ ತೊಳೆದು ಬಣ್ಣಬಣ್ಣದ ಕವರು ಮೇಲೆ ಬರುತ್ತಿದ್ದವು. ಮಣ್ಣಿನಡಿ ಉಳಿದ ಹಾಳೆಯಿಂದ ನೀರು ಇಂಗುತ್ತಿರಲಿಲ್ಲ, ರಾಗಿಯ ಬೇರು ಅಲ್ಲಿಗೇ ನಿಂತು ಬಿಡುತ್ತಿತ್ತು. ಆಮೇಲೆ ಬ್ಲೇಡು ಬಂತು, ಟ್ಯೂಬ್‌ಲೈಟಿನ ಗಾಜು ಬಂತು, ಇಂಜೆಕ್ಷನ್ನಿನ ಸೂಜಿ ಬಂತು. ಕಳೆ ಕೀಳುತ್ತಿದ್ದ ನಮ್ಮ ಚಿಕ್ಕಮ್ಮನ ಅಂಗೈಗೆ ಗಾಜು ಹೊಕ್ಕು ಹಬ್ಬದವರೆಗೂ ಕೀವಾಡಿತು. ಅಪ್ಪ ಪೇಟೆ ಗೊಬ್ಬರ ತರುವುದನ್ನು ನಿಲ್ಲಿಸಿದ್ದು ಆಗ.

ಇನ್ನೊಂದು ಕಾರಣವನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಅಷ್ಟರಲ್ಲಿ ಸೊಸೈಟಿಯಲ್ಲಿ ಯೂರಿಯಾ ಮೂಟೆ ಸಿಗುತ್ತಿತ್ತು, ಸರ್ಕಾರದ ಸಬ್ಸಿಡಿಯಲ್ಲಿ. ಗಾಡಿಗಟ್ಟಲೆ ಗೊಬ್ಬರ ಹೊರುವ ಕಡೆ ಒಂದು ಮೂಟೆ ಎರಚಿದರೆ ಸಾಕು, ವಾರದಲ್ಲಿ ಪೈರು ಹಸಿರೇರುತ್ತದೆ. ಮಗ ಓದುತ್ತಿದ್ದಾನೆ, ಆಳಿನ ಕೂಲಿ ಏರಿದೆ, ಎತ್ತು ಮಾರಿಯಾಗಿದೆ. ಅಪ್ಪನನ್ನು ದೂರಲು ನನಗೆ ಬಾಯಿಲ್ಲ. ಆದರೆ ನಮ್ಮ ಕೆಂಪುಮಣ್ಣು ವರ್ಷವರ್ಷಕ್ಕೂ ಬಿರುಸಾಗುತ್ತ ಬಂದದ್ದನ್ನು ನೇಗಿಲು ಹಿಡಿದ ಕೈಗಳು ಬಲ್ಲವು.

ಇದೆಲ್ಲದರ ಮಧ್ಯೆ ಪ್ರಯತ್ನ ಪೂರಾ ನಿಂತಿರಲಿಲ್ಲ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಹೊಸೂರು ರಸ್ತೆಯ ಕಡೆ, ಕೂಡ್ಲುವಿನ ಹತ್ತಿರ ಅದರ ಘಟಕ. ಬೆರೆತ ಕಸದಿಂದ ಗೊಬ್ಬರ ತೆಗೆಯುವ ಯಾರಿಗಾದರೂ ಕಷ್ಟ ಒಂದೇ. ಎಷ್ಟು ಜರಡಿ ಹಿಡಿದರೂ ಗಾಜಿನ ಪುಡಿ, ಬ್ಯಾಟರಿಯ ಸೀಸ ಜರಡಿಯ ಕಣ್ಣಿನಿಂದ ಇಳಿದೇ ಇಳಿಯುತ್ತದೆ. ಬೆರೆತ ಮೇಲೆ ಬೇರ್ಪಡಿಸುವುದಕ್ಕಿಂತ ಬೆರೆಯದಂತೆ ನೋಡಿಕೊಳ್ಳುವುದೇ ಅಗ್ಗ. ಇದು ಅಜ್ಜಿಯ ಒಡಕು ಮಡಕೆಗೆ ಗೊತ್ತಿದ್ದ ಸಂಗತಿ.

ರೈತ ಕೈಬಿಟ್ಟ ಕಸಕ್ಕೆ ಆಮೇಲೆ ಸಿಕ್ಕ ಜಾಗ ರಸ್ತೆಯಂಚು, ಕೆರೆಯಂಗಳ, ಕಲ್ಲು ಕ್ವಾರಿಗಳು. ಬೆಂಗಳೂರಿನ ಹೊರವಲಯದಲ್ಲಿ ಮನೆ ಮಾಡಿದ್ದ ಅಲ್ಮಿತ್ರಾ ಪಟೇಲರು ಇದನ್ನು ನೋಡಿ ಸುಮ್ಮನಿರದೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಿಂದ 1999ರ ಬರ್ಮನ್ ಸಮಿತಿಯ ವರದಿ, 2000ದ ಘನತ್ಯಾಜ್ಯ ನಿಯಮಗಳು ಬಂದವು. ಮನೆಯಲ್ಲೇ ಬೇರ್ಪಡಿಸಬೇಕು, ಕೊಳೆಯುವುದನ್ನು ಗೊಬ್ಬರ ಮಾಡಬೇಕು ಎಂದು ದೇಶದ ಕಾನೂನು ಹೇಳಿದ್ದು ಆಗಲೇ. ಕಾಗದದ ಮೇಲೆ ಹೇಳಿತು; ಲಾರಿಗಳು ಮಾತ್ರ ಹಳ್ಳಿಗಳ ಕಡೆಗೇ ಬಂದವು. 2007ರಲ್ಲಿ ಸುತ್ತಲ ಪುರಸಭೆಗಳೂ 110 ಹಳ್ಳಿಗಳೂ ಸೇರಿ ನಗರ ಹಿಗ್ಗಿತು, ಕಸವೂ ಹಿಗ್ಗಿತು. ಉತ್ತರಕ್ಕೆ ಮಾವಳ್ಳಿಪುರ, ಪೂರ್ವಕ್ಕೆ ನಮ್ಮ ಕಡೆಯ ಮಂಡೂರು.

ಮಂಡೂರಿನ ಕಸದ ಗುಡ್ಡವನ್ನು ಅದು ಬೆಳೆಯುವಾಗಿನಿಂದ ನಾನು ನೋಡಿದ್ದೇನೆ. ಗಾಳಿ ಆ ಕಡೆಯಿಂದ ಬೀಸಿದರೆ ಅನ್ನಕ್ಕೆ ಕೈ ಹಾಕಲು ಮನಸ್ಸಾಗುತ್ತಿರಲಿಲ್ಲ. ಕಪ್ಪುನೀರು ಹಳ್ಳಕ್ಕಿಳಿಯುತ್ತಿತ್ತು, ಬಾವಿಗಳ ನೀರನ್ನು ದನ ಮೂಸಿ ಹಿಂದೆ ಸರಿಯುತ್ತಿತ್ತು. ಆ ಊರುಗಳಿಗೆ ಹೆಣ್ಣು ಕೊಡಲು ನೆಂಟರು ಹಿಂಜರಿದರು. ತಿಪ್ಪೆ ನೋಡಿ ಹೆಣ್ಣು ಕೊಡುತ್ತಿದ್ದ ಸೀಮೆಯಲ್ಲಿ ತಿಪ್ಪೆ ನೋಡಿ ಹೆಣ್ಣು ಕೊಡದಂತಾಯಿತು. 2014ರ ಬೇಸಿಗೆಯಲ್ಲಿ ಜನ ರಸ್ತೆಗೆ ಕೂತರು. ಡಿಸೆಂಬರ್ ಹೊತ್ತಿಗೆ ಅಲ್ಲಿಗೆ ಕಸ ಹಾಕುವುದು ನಿಂತಿತು. ಗುಡ್ಡ ಕರಗಿಸುವುದು ಬೇರೆಯೇ ಮಾತು.

ಈ ಸಂಕಟದಿಂದ ಒಳ್ಳೆಯದೂ ಹುಟ್ಟಿದೆ, ಅದನ್ನು ಮನಸಾರೆ ಒಪ್ಪುತ್ತೇನೆ. 2011ರಲ್ಲಿ ಬೆಂಗಳೂರು ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಅಲ್ಲಿಯವರೆಗೆ ಕಳ್ಳರೆಂದು ಬೈಸಿಕೊಳ್ಳುತ್ತಿದ್ದವರು ವಾರ್ಡಿನ ಒಣಕಸ ಕೇಂದ್ರಗಳನ್ನು ನಡೆಸುವ ಮಟ್ಟಕ್ಕೆ ಬಂದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ಕಡ್ಡಾಯ ಮಾಡಿತು: ಹಸಿಕಸಕ್ಕೆ ಹಸಿರು ಬುಟ್ಟಿ, ಪ್ಯಾಡು ಡೈಪರುಗಳಂಥ ಅಪಾಯದ ಕಸಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಮರುವರ್ಷ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳಿಗೆ ನಿಷೇಧ ಬಂತು. ಬಾಲ್ಕನಿಯಲ್ಲಿ ಮಣ್ಣಿನ ಮೂರಂತಸ್ತಿನ ಕಂಬ ಇಟ್ಟು ಗೊಬ್ಬರ ಮಾಡುವ ಮನೆಗಳೂ ಈ ಊರಿನಲ್ಲಿ ಈಗ ಕಡಿಮೆಯಿಲ್ಲ. ಕುಂಬಾರರು ಮಾಡಿದ ಮಡಕೆಯಲ್ಲಿ ಮತ್ತೆ ಅಡುಗೆಮನೆಯ ಸಿಪ್ಪೆ ಮಾಗುತ್ತಿರುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ನಗರದ ಮನೆಗಸದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳೆಯುವ ಪದಾರ್ಥವೇ. ಅಷ್ಟು ಮಾತ್ರ ಮನೆಯ ಆಸುಪಾಸಿನಲ್ಲೇ ಮಣ್ಣಾದರೆ ಯಾವ ಹಳ್ಳಿಯೂ ರಸ್ತೆಗೆ ಕೂರಬೇಕಾಗಿಲ್ಲ.

ಕೆಲವು ವರ್ಷಗಳಿಂದ ವೈಟ್‌ಫೀಲ್ಡ್ ಕಡೆಯ ಒಂದಷ್ಟು ಅಪಾರ್ಟ್‌ಮೆಂಟುಗಳ ಹಸಿಕಸ ನಮ್ಮ ಹೊಲಕ್ಕೆ ಬರುತ್ತಿದೆ. ಆಚಾರ್ಯರ ವಿಧಾನದ ಮಲದ ಪದರ ಇಲ್ಲಿಲ್ಲ, ಅದರ ಜಾಗದಲ್ಲಿ ಸಗಣಿಯ ಬಗ್ಗಡ. ಒಂದು ಪಾಲು ಹಸಿಗೆ ಎರಡು ಪಾಲು ಒಣ ಎಲೆ. ಬೆಂಗಳೂರಿನ ರಸ್ತೆಗಳಲ್ಲಿ ಗುಡಿಸಿ ಸುಡುತ್ತಾರಲ್ಲ, ಅದೇ ಎಲೆ. ಅದನ್ನು ಸುಡುವುದನ್ನು ಕಂಡರೆ ನನಗೆ ಅನ್ನವನ್ನೇ ಸುಟ್ಟಂತೆ ಹೊಟ್ಟೆ ಉರಿಯುತ್ತದೆ. ಹಿಡಿಯಷ್ಟು ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ಧಾರೆ ಇಳಿದರೆ ಎಲೆ ಕಡಿಮೆಯಾಗಿದೆ ಎಂದರ್ಥ, ನಾತ ಬರುವುದು ಆಗಲೇ. ನಿಂಬೆ ಸಿಪ್ಪೆ ನಿಧಾನ ಕೊಳೆಯುತ್ತದೆ, ತೆಂಗಿನ ಚಿಪ್ಪು ಕೊಳೆಯುವುದೇ ಇಲ್ಲ. ಅದನ್ನು ಬೇರೆ ಇಡಲು ಹೇಳಿದ್ದೇನೆ. ಗಾಡಿಯಿಂದ ಇಳಿಸುವಾಗ ನಮ್ಮವರು ಡ್ರಮ್ಮಿಗೊಂದು ಕೋಲು ಹಾಕಿ ಕೆದಕುತ್ತಾರೆ. ಗಾಜು, ಬ್ಲೇಡು, ಪ್ಯಾಡು ಕಂಡರೆ ಆ ಡ್ರಮ್ಮು ಬಂದ ಗಾಡಿಯಲ್ಲೇ ತಿರುಗಿ ಹೋಗುತ್ತದೆ. ಈ ಒಂದು ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬಿದ್ದಿಲ್ಲ. ಮೊದಮೊದಲು ಎಷ್ಟೋ ತಿರುಗಿ ಹೋದವು. ಈಗ ಅಪರೂಪ. ಅಲ್ಲಿನ ಕೆಲವು ಮನೆಯವರು ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಬಂದರು. ಕಳೆ ಕೀಳುವವರ ಪಕ್ಕ ಕೂತು ಮಣ್ಣಿನಲ್ಲಿ ಕೈಯಾಡಿಸಿದರು. ಹಾಗೆ ಬಂದುಹೋದವರ ಕಟ್ಟಡದಿಂದ ಆಮೇಲೆ ಗಾಜು ಬಂದಿಲ್ಲ.

ಕಷ್ಟವಿರುವುದು ಸಾಗಣೆಯ ಖರ್ಚಿನಲ್ಲಿ. 2016ರಲ್ಲಿ ಕೇಂದ್ರ ಸರ್ಕಾರ ನಗರದ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಎಂದು ಘೋಷಿಸಿತ್ತು. ಅದು ಗೊಬ್ಬರ ಮಾರುವ ಕಂಪನಿಗಳ ಲೆಕ್ಕಕ್ಕೆ ಹೋಗುವಂತೆ ರೂಪಿಸಿದ ಯೋಜನೆ. ಕಸವನ್ನು ತನ್ನ ಹೊಲದಲ್ಲೇ ಮಾಗಿಸುವ ರೈತನಿಗೆ ಅದರಲ್ಲಿ ಜಾಗವಿರಲಿಲ್ಲ. ಕಸವನ್ನು ಕ್ವಾರಿಗೆ ಒಯ್ಯಲು ನಗರ ಲಾರಿಗೆ ಬಾಡಿಗೆ ಕೊಡುತ್ತದೆ. ಅದೇ ಬಾಡಿಗೆಯನ್ನು, ಬೇರ್ಪಡಿಸಿದ ಹಸಿಕಸ ಹೊಲಕ್ಕೆ ಬಂದಾಗಲೂ ಕೊಡಬೇಕು ಎಂಬುದು ನನ್ನ ಬೇಡಿಕೆ. ವಾರ್ಡ್ ಸಮಿತಿಗಳಲ್ಲಿ ಕಸದ ಮಾತು ಬಂದಾಗ ಸುತ್ತಲ ತಾಲ್ಲೂಕಿನ ತರಕಾರಿ ಬೆಳೆಗಾರರನ್ನೂ ಕೂರಿಸಿಕೊಳ್ಳಲಿ. ಯಾವ ತಿಂಗಳಲ್ಲಿ ಹೊಲ ಖಾಲಿಯಿರುತ್ತದೆ, ಎಷ್ಟು ಗೊಬ್ಬರ ಹಿಡಿಯುತ್ತದೆ, ಏನು ಬಂದರೆ ತಿರುಗಿ ಕಳಿಸುತ್ತೇವೆ ಎಂದು ನಾವೇ ಹೇಳುತ್ತೇವೆ. ಈ ವರ್ಷ ಬಂದದ್ದು ನಮ್ಮ ಟೊಮೆಟೊ, ಬೀನ್ಸಿನ ಹೊಲಕ್ಕಷ್ಟೇ ಸಾಲುತ್ತದೆ. ಪಕ್ಕದ ಹೊಲದವರೂ ಕೇಳುತ್ತಿದ್ದಾರೆ. ಅವರಿಗೂ ಸಾಲಬೇಕಾದರೆ ಇನ್ನಷ್ಟು ಕಟ್ಟಡದವರು ಬೇರ್ಪಡಿಸಿ ಕೊಡಬೇಕು, ಗಾಡಿಯ ಡೀಸೆಲ್ಲಿನ ಖರ್ಚನ್ನು ಕಸ ಕೊಡುವವರು ಹೊರಬೇಕು.